ಮುಟ್ಟಿನ ಕ್ಯಾಲೆಂಡರ್ ನೋಡಿಕೊಂಡು ಕಸರತ್ತು ಮಾಡಬೇಕಾ?

2025ರ ಅಕ್ಟೋಬರ್ 9ರಂದು ರಾಜ್ಯ ಸಚಿವ ಸಂಪುಟ ಮುಟ್ಟಿನ ರಜೆ ನೀತಿಗೆ ಒಪ್ಪಿಗೆ ಕೊಟ್ಟಿತು. ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನ ಸಂಬಳದ ರಜೆ. ಅದಾಗಿ ತಿಂಗಳು ತುಂಬುವ ಮೊದಲೇ, ನವೆಂಬರ್ 2ರ ರಾತ್ರಿ, ನವಿ ಮುಂಬೈಯಲ್ಲಿ ಭಾರತದ ಹುಡುಗಿಯರು ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿ ಕ್ರಿಕೆಟ್ ವಿಶ್ವಕಪ್ ಎತ್ತಿದರು. ಸೆಪ್ಟೆಂಬರ್ 30ಕ್ಕೆ ಶುರುವಾಗಿದ್ದ ಟೂರ್ನಿ ಅದು. ಅಂದರೆ ಒಂದು ಮುಟ್ಟಿನ ಚಕ್ರಕ್ಕಿಂತ ಉದ್ದ. ಪಂದ್ಯಗಳ ಪಟ್ಟಿಯನ್ನು ಯಾರ ಡೇಟ್ ಕೇಳಿಯೂ ಹಾಕಿರಲಿಲ್ಲ.

ಹಾಸನ, ಚಿಕ್ಕಮಗಳೂರಿನ ಕಡೆ ಗೊಂದಲ ಶುರುವಾಗಿದ್ದು ಈ ಎರಡು ಸುದ್ದಿಯ ಮಧ್ಯೆ. ಕಡೂರಿನ ವೇದಾ ಕೃಷ್ಣಮೂರ್ತಿ 2017ರ ವಿಶ್ವಕಪ್ ಫೈನಲ್ ಆಡಿದವರು. ಹಾಗಾಗಿ ಬ್ಯಾಟ್ ಹಿಡಿದ ಹುಡುಗಿ ಇಲ್ಲಿಗೆ ಹೊಸಬಳೇನಲ್ಲ. ಆದರೆ ಮಗಳನ್ನು ಮೈದಾನಕ್ಕೆ ಬಿಡುವ ಅಮ್ಮನಿಗೆ ಈಗ ಪ್ರಶ್ನೆ: ಸರ್ಕಾರವೇ ಅವತ್ತು ರೆಸ್ಟ್ ಬೇಕು ಅಂತ ರಜೆ ಕೊಡುತ್ತಿರುವಾಗ, ಮಗಳು ಅದೇ ದಿನ ಓಡಬಹುದಾ?

ಇದರ ಮೇಲೆ ಮೊಬೈಲ್ ಬೇರೆ. ಅಲ್ಲಿ ಒಂದು ಬಣ್ಣದ ಚಕ್ರ ಓಡಾಡುತ್ತಿದೆ. ಕೆಂಪು ಭಾಗದಲ್ಲಿ ‘ಯೋಗ, ನಡಿಗೆ’. ಹಸಿರಿನಲ್ಲಿ ‘ಭಾರ ಎತ್ತಿ’. ಹಳದಿಯಲ್ಲಿ ‘ಜೋರಾಗಿ ಓಡಿ’. ನೇರಳೆಯಲ್ಲಿ ‘ನಿಧಾನ, ಚಾಕೊಲೇಟ್ ತಿನ್ನಬಹುದು’. ತಿಂಗಳನ್ನು ನಾಲ್ಕು ಹೋಳು ಮಾಡಿ, ಹೋಳಿಗೊಂದು ಕಸರತ್ತು. ಇದಕ್ಕೆ ‘ಸೈಕಲ್ ಸಿಂಕಿಂಗ್’ ಅಂತ ಹೆಸರು. ನೋಡೋಕೆ ತುಂಬಾ ಅಚ್ಚುಕಟ್ಟು. ಮೈ ಅಷ್ಟು ಅಚ್ಚುಕಟ್ಟಾಗಿ ನಡೆಯುತ್ತಾ ಅನ್ನೋದು ಬೇರೆ ಮಾತು.

ಮೈಯೊಳಗೆ ನಡೆಯೋದೇನು

ಮುಟ್ಟಿನ ಮೊದಲ ದಿನವೇ ಚಕ್ರದ ಮೊದಲ ದಿನ. ಆಗ ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನುಗಳು ಎರಡೂ ತಳಮಟ್ಟದಲ್ಲಿರುತ್ತವೆ. ಆಮೇಲೆ ಈಸ್ಟ್ರೋಜೆನ್ ಮೆಲ್ಲಗೆ ಏರಿ, ಅಂಡಾಣು ಬಿಡುಗಡೆಯಾಗುವ ತುಸು ಮೊದಲು ತುದಿ ಮುಟ್ಟುತ್ತದೆ. ಅಂಡಾಣು ಹೊರಬಿದ್ದ ಮೇಲೆ ಪ್ರೊಜೆಸ್ಟರಾನ್ ಸರದಿ. ಅದರ ಜೊತೆ ಈಸ್ಟ್ರೋಜೆನ್ ಇನ್ನೊಮ್ಮೆ ಸ್ವಲ್ಪ ಏರುತ್ತದೆ. ಗರ್ಭ ನಿಲ್ಲದಿದ್ದರೆ ಎರಡೂ ಇಳಿಯುತ್ತವೆ, ಮತ್ತೆ ಮುಟ್ಟು.

ಈ ಏರಿಳಿತ ಗರ್ಭಕೋಶಕ್ಕಷ್ಟೇ ಸೇರಿದ್ದಲ್ಲ. ಈಸ್ಟ್ರೋಜೆನ್ ಮೂಳೆ ಕಾಯುತ್ತದೆ. ಕಸರತ್ತಿನ ಹೊತ್ತಲ್ಲಿ ಕೊಬ್ಬನ್ನು ಉರಿಸಿಕೊಳ್ಳುವುದಕ್ಕೂ ಕೈ ಜೋಡಿಸುತ್ತದೆ. ಪ್ರೊಜೆಸ್ಟರಾನ್ ಏರಿದಾಗ ಉಸಿರಾಟ ಸ್ವಲ್ಪ ಜೋರಾಗುತ್ತದೆ, ಮೈಬಿಸಿ 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಹೆಚ್ಚುತ್ತದೆ. ಅರಸೀಕೆರೆ ಕಡೆಯ ಏಪ್ರಿಲ್ ಬಿಸಿಲಲ್ಲಿ ಹತ್ತು ಕಿಲೋಮೀಟರ್ ಓಡುವವಳಿಗೆ ಮುಟ್ಟಿನ ಹಿಂದಿನ ವಾರ ಸೆಕೆ ಜಾಸ್ತಿ ಅನ್ನಿಸಿದರೆ ಅದು ಬರೀ ಮನಸ್ಸಿನ ಆಟ ಅಲ್ಲ.

ಅಂದರೆ ಬದಲಾವಣೆ ನಿಜ. ಅದು ಪ್ರಾಕ್ಟೀಸಿನ ಪಟ್ಟಿಯನ್ನೇ ತಿರುವಿ ಹಾಕುವಷ್ಟು ದೊಡ್ಡದಾ? ಜಗಳ ಇರೋದು ಇಲ್ಲಿ.

ಕ್ಯಾಲೆಂಡರ್ ಪರವಾಗಿರುವವರ ಮಾತು

ಅವರ ತರ್ಕ ಸುಲಭ. ಈಸ್ಟ್ರೋಜೆನ್ ಏರುವಾಗ ಸ್ನಾಯು ಕಟ್ಟುವುದು ಸಲೀಸು, ಹಾಗಾಗಿ ಮೊದಲರ್ಧದಲ್ಲಿ ಭಾರ ಎತ್ತಿ. ಪ್ರೊಜೆಸ್ಟರಾನ್ ಸ್ನಾಯು ಕಳೆಯುವ ಕಡೆ ಎಳೆಯುತ್ತದೆ, ಹಾಗಾಗಿ ಎರಡನೇ ಅರ್ಧದಲ್ಲಿ ಹಗುರ ಇರಲಿ. ಮೊದಲರ್ಧದಲ್ಲಿ ಜಾಸ್ತಿ ಭಾರ ಎತ್ತಿದವರಿಗೆ ಹೆಚ್ಚು ಲಾಭವಾಯಿತು ಅಂದ ಕೆಲವು ಸಣ್ಣ ಅಧ್ಯಯನಗಳೂ ಇವೆ. 2020ರಲ್ಲಿ ಇಂಗ್ಲೆಂಡಿನ ಚೆಲ್ಸಿ ಮಹಿಳಾ ಫುಟ್‌ಬಾಲ್ ತಂಡ ಆಟಗಾರ್ತಿಯರ ಚಕ್ರ ನೋಡಿ ತರಬೇತಿ ಹೊಂದಿಸುತ್ತಿದೆ ಅನ್ನುವ ಸುದ್ದಿ ಬಂತು. ಆಗಿನ ಕೋಚ್ ಎಮ್ಮಾ ಹೇಯ್ಸ್ ಅದನ್ನು ಮುಚ್ಚುಮರೆ ಇಲ್ಲದೆ ಹೇಳಿಕೊಂಡರು. ಅಲ್ಲಿಂದ ಈ ವಿಚಾರ ಜಗತ್ತೆಲ್ಲ ಸುತ್ತಿತು.

ಈ ವಾದಕ್ಕೆ ಇಷ್ಟು ಜನ ಕಿವಿಗೊಡಲು ಇನ್ನೊಂದು ಕಾರಣ ಇದೆ. ಅದು ಹಳೇ ಸಿಟ್ಟು. ಗಂಡಸರ ಮೈ ಅಳೆದು ಬರೆದ ತರಬೇತಿಯನ್ನೇ ಹೆಂಗಸರಿಗೂ ಹಚ್ಚಿದ್ದು ಸುಳ್ಳಲ್ಲ. 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹೆಂಗಸರು 800 ಮೀಟರ್ ಓಡಿದರು. ಓಟ ಮುಗಿಸಿ ಕುಸಿದು ಬಿದ್ದರು ಅಂತ ಪತ್ರಿಕೆಗಳು ಉತ್ಪ್ರೇಕ್ಷೆ ಮಾಡಿ ಬರೆದವು. ಹೆಣ್ಣಿನ ಮೈ ಇದಕ್ಕಲ್ಲ ಅಂತ ಆ ಓಟವನ್ನೇ ತೆಗೆದುಹಾಕಿದರು. ಅದು ವಾಪಸ್ ಬಂದಿದ್ದು 1960ಕ್ಕೆ. ಮ್ಯಾರಥಾನ್ ಬಂದಿದ್ದು 1984ಕ್ಕೆ. ಇಷ್ಟು ಕಾಲ ‘ನಿಮ್ಮ ಕೈಲಾಗಲ್ಲ’ ಅಂದರು, ಆಮೇಲೆ ‘ಗಂಡಸರಂತೆಯೇ ಮಾಡಿ’ ಅಂದರು. ಹೀಗಿರುವಾಗ ‘ನಿಮ್ಮ ಮೈಗೇ ಬೇರೆ ಲೆಕ್ಕ ಇದೆ’ ಅಂತ ಯಾರಾದರೂ ಹೇಳಿದರೆ ಹಿತವಾಗುತ್ತೆ, ಅಲ್ವಾ? ಹಿತವಾದ ಮಾತ್ರಕ್ಕೆ ನಿಜವಾಗಬೇಕಿಲ್ಲ.

ಅಳೆದು ನೋಡಿದವರಿಗೆ ಸಿಕ್ಕಿದ್ದು

2020ರಲ್ಲಿ 78 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದ ದೊಡ್ಡ ಪರಿಶೀಲನೆಯೊಂದು ಬಂತು. ಮುಟ್ಟಿನ ಮೊದಲ ಕೆಲ ದಿನ ಸಾಮರ್ಥ್ಯ ಕೊಂಚ ಕಡಿಮೆ ಇರಬಹುದು, ಆದರೆ ವ್ಯತ್ಯಾಸ ತೀರಾ ಅತ್ಯಲ್ಪ ಅಂತ ಅದು ಹೇಳಿತು. ಅಧ್ಯಯನಗಳ ಗುಣಮಟ್ಟವೇ ಸಾಲದು ಅಂತಲೂ ಸೇರಿಸಿತು. ಎಲ್ಲರಿಗೂ ಒಂದೇ ಸೂತ್ರ ಬೇಡ, ಒಬ್ಬೊಬ್ಬರನ್ನು ನೋಡಿ ತೀರ್ಮಾನಿಸಿ ಅನ್ನೋದು ಅದರ ಸಲಹೆ. 2023ರಲ್ಲಿ ಇಂಥ ಪರಿಶೀಲನೆಗಳನ್ನೇ ಮತ್ತೆ ಪರಿಶೀಲಿಸಿದ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ತಂಡ ಇನ್ನೂ ನೇರವಾಗಿ ಮಾತಾಡಿತು: ಭಾರ ಎತ್ತುವ ಶಕ್ತಿಯಾಗಲಿ, ಅದರಿಂದ ಸಿಗುವ ಲಾಭವಾಗಲಿ ಚಕ್ರದ ಹಂತದ ಮೇಲೆ ನಿಂತಿದೆ ಅನ್ನೋಕೆ ಆಧಾರ ಇಲ್ಲ. ಅದೇ ವಿಶ್ವವಿದ್ಯಾಲಯದವರು ಮುಂದೆ ಸ್ನಾಯುವಿನಲ್ಲಿ ಹೊಸ ಪ್ರೋಟೀನ್ ಕಟ್ಟುವ ವೇಗವನ್ನೇ ಎರಡು ಹಂತಗಳಲ್ಲಿ ಅಳೆದರು. ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಹಳೇ ಅಧ್ಯಯನಗಳಿಗೆ ಬೇರೆ ಉತ್ತರ ಸಿಕ್ಕಿದ್ದು ಹೇಗೆ? ಎಷ್ಟೋ ಕಡೆ ಹಂತವನ್ನು ರಕ್ತ ಪರೀಕ್ಷೆಯಿಂದ ಕಂಡುಕೊಂಡಿರಲಿಲ್ಲ, ದಿನ ಎಣಿಸಿ ಊಹಿಸಿದ್ದರು. 14ನೇ ದಿನ ಅಂಡಾಣು ಬಿಡುಗಡೆ ಅಂತ ಬರೆದುಕೊಂಡರು. ಮೈ ಆ ಲೆಕ್ಕ ಕೇಳಲ್ಲ. 2019ರಲ್ಲಿ ಒಂದು ಆ್ಯಪ್‌ನಲ್ಲಿ ದಾಖಲಾದ 6 ಲಕ್ಷಕ್ಕೂ ಹೆಚ್ಚು ಚಕ್ರಗಳನ್ನು ನೋಡಿದಾಗ ಸರಾಸರಿ 29.3 ದಿನ ಬಂತು. ಪಠ್ಯಪುಸ್ತಕದ ಸರಿಯಾದ 28 ದಿನ ಇದ್ದದ್ದು ಸುಮಾರು 13 ಶೇಕಡಾ ಮಾತ್ರ. 21ರಿಂದ 35 ದಿನದವರೆಗಿನ ಚಕ್ರ ಆರೋಗ್ಯವಂತ ಹೆಂಗಸರಲ್ಲೂ ಇರುತ್ತದೆ. ಪಿಸಿಒಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನು ಏರುಪೇರಿನ ತೊಂದರೆ) ಇರುವವರಲ್ಲಿ ಎರಡು ತಿಂಗಳಿಗೊಮ್ಮೆ ಮುಟ್ಟಾಗುವುದೂ ಉಂಟು. ಬಣ್ಣದ ಚಕ್ರ ಅವರಿಗೆ ಯಾವ ಕೆಲಸಕ್ಕೂ ಬರಲ್ಲ. ಅಸಲಿಗೆ ಕಸರತ್ತಿನಿಂದ ತುಂಬಾ ಲಾಭ ಆಗುವವರಲ್ಲಿ ಅವರೂ ಸೇರಿದ್ದಾರೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡೋಕೆ ಅದು ನೆರವಾಗುತ್ತದೆ.

ಕ್ಯಾಲೆಂಡರ್ ನಂಬಿದವಳಿಗೆ ಆಗುವ ನಷ್ಟವನ್ನೂ ಲೆಕ್ಕ ಹಾಕಬೇಕು. ಪ್ರತಿ ತಿಂಗಳ ಅರ್ಧ ಭಾಗ ‘ಹಗುರ’ ಅಂತ ಬಿಟ್ಟರೆ ವರ್ಷದಲ್ಲಿ ಆರು ತಿಂಗಳು ಹೋಯಿತು. ಸ್ನಾಯು ಕಟ್ಟೋದು ಬಿಡದೆ ಮಾಡಿದ ಕೆಲಸದಿಂದ.

ಹಾಗಾದರೆ ಮೀರಾಬಾಯಿ ಹೇಳಿದ್ದು?

2024ರ ಆಗಸ್ಟ್ 7, ಪ್ಯಾರಿಸ್ ಒಲಿಂಪಿಕ್ಸ್. 49 ಕೆ.ಜಿ. ವಿಭಾಗದಲ್ಲಿ ವೇಟ್‌ಲಿಫ್ಟರ್ ಮೀರಾಬಾಯಿ ಚಾನು ಒಟ್ಟು 199 ಕೆ.ಜಿ. ಎತ್ತಿ ನಾಲ್ಕನೆಯವರಾದರು. ಕಂಚು ಗೆದ್ದವರು ಎತ್ತಿದ್ದು 200. ಆಮೇಲೆ ಮೀರಾಬಾಯಿ, ಅವತ್ತು ತಮಗೆ ಮುಟ್ಟಿನ ಮೂರನೇ ದಿನ, ಸ್ವಲ್ಪ ನಿಶ್ಶಕ್ತಿ ಇತ್ತು ಅಂದರು. ವ್ಯತ್ಯಾಸ ಅತ್ಯಲ್ಪ ಅನ್ನೋ ಸಂಶೋಧನೆಗೂ ಈ ಮಾತಿಗೂ ತಾಳ ಕೂಡಲ್ಲ ಅನ್ನಿಸಬಹುದು. ಕೂಡುತ್ತದೆ.

ಒಂದನೆಯದು, ಸಂಶೋಧನೆ ಹೇಳೋದು ಸರಾಸರಿ. ನೂರು ಜನರಲ್ಲಿ ತೊಂಬತ್ತು ಮಂದಿಗೆ ಏನೂ ಆಗದೆ ಹತ್ತು ಮಂದಿ ಒದ್ದಾಡಿದರೂ ಸರಾಸರಿ ಸಣ್ಣದೇ ಬರುತ್ತದೆ. ಆ ಹತ್ತರಲ್ಲಿ ಒಬ್ಬಳಿಗೆ ಅವಳ ಪಾಲಿನದು ಸಣ್ಣದಲ್ಲ. ಎರಡನೆಯದು, ಒಲಿಂಪಿಕ್ಸ್ ಮಟ್ಟದಲ್ಲಿ ಪದಕ ಹೋಗೋದೇ ಒಂದು ಕೆ.ಜಿ.ಯಲ್ಲಿ. ಬೆಳಿಗ್ಗೆ ಹಾಸನದ ಮಹಾರಾಜ ಪಾರ್ಕ್‌ನಲ್ಲಿ ಬಿರುಸಾಗಿ ನಡೆಯುವವರಿಗೆ ಆ ಒಂದು ಕೆ.ಜಿ. ಲೆಕ್ಕಕ್ಕೇ ಬರಲ್ಲ.

ಮೂರನೆಯದನ್ನು ಬಹಳ ಜನ ಗಮನಿಸಲ್ಲ. ಹಾರ್ಮೋನಿನ ಮಟ್ಟ ಬೇರೆ, ಮುಟ್ಟಿನ ಸಂಕಟ ಬೇರೆ. ಹೊಟ್ಟೆನೋವಿಗೆ ಕಾರಣ ಪ್ರೊಸ್ಟಗ್ಲಾಂಡಿನ್ ಅನ್ನುವ ರಾಸಾಯನಿಕ. ಗರ್ಭಕೋಶದ ಒಳಪದರ ಕಳಚುವಾಗ ಅದು ಹುಟ್ಟುತ್ತದೆ, ಗರ್ಭಕೋಶವನ್ನು ಹಿಂಡುತ್ತದೆ. ಅದು ಜಾಸ್ತಿಯಾದವರಿಗೆ ವಾಂತಿ, ಬೇಧಿ, ತಲೆನೋವೂ ಬರುತ್ತದೆ. ರಾತ್ರಿ ನಿದ್ದೆ ಕೆಡುತ್ತದೆ. ನಿದ್ದೆ ಇಲ್ಲದೆ ಊಟ ಸೇರದೆ ಬೆಳಿಗ್ಗೆ ಮೈದಾನಕ್ಕೆ ಬಂದವಳು ನಿಧಾನಕ್ಕೆ ಓಡಿದರೆ, ಅವಳ ಸ್ನಾಯುವಿಗೆ ಏನೋ ಆಗಿದೆ ಅಂತ ಅರ್ಥ ಅಲ್ಲ. ನೋವು ಕಳೆದರೆ ಓಟ ವಾಪಸ್ ಬರುತ್ತದೆ.

ಕಸರತ್ತು ನೋವನ್ನು ಹೆಚ್ಚಿಸುತ್ತಾ? ಉಲ್ಟಾ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡುವ ಕಾಕ್ರೇನ್ ಸಂಸ್ಥೆಯ 2019ರ ಪರಿಶೀಲನೆ ಪ್ರಕಾರ ವಾರಕ್ಕೆ ಮೂರು ಸಲ, ಸಲಕ್ಕೆ 45ರಿಂದ 60 ನಿಮಿಷ ಕಸರತ್ತು ಮಾಡುವವರಿಗೆ ಮುಟ್ಟಿನ ನೋವು ಗೊತ್ತಾಗುವಷ್ಟು ಕಡಿಮೆಯಾಗಬಹುದು. ‘ಮುಟ್ಟಾದಾಗ ಓಡಿದರೆ ಗರ್ಭಕೋಶ ಜಾರುತ್ತೆ’ ಅನ್ನೋ ಮಾತಿಗೆ ಆಧಾರ ಇಲ್ಲ. ಹಾಗಂತ ಸೊಂಟ ಹಿಡಿದುಕೊಂಡು ಕೂತವಳನ್ನು ಎಬ್ಬಿಸಿ ಓಡಿಸಬೇಕು ಅಂತಲೂ ಅಲ್ಲ. ಪ್ರತಿ ತಿಂಗಳೂ ಶಾಲೆ, ಪ್ರಾಕ್ಟೀಸ್ ಬಿಡುವಷ್ಟು ನೋವಿದ್ದರೆ ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಪದರ ಅದರ ಹೊರಗೆ ಬೆಳೆಯುವ ತೊಂದರೆ) ಥರದ ಕಾರಣ ಇರಬಹುದು. ಅದಕ್ಕೆ ಡಾಕ್ಟರ್ ಬೇಕು, ಪೆಪ್ ಟಾಕ್ ಅಲ್ಲ.

ಬಂದ ಮುಟ್ಟಿಗಿಂತ ಬಾರದ ಮುಟ್ಟು

ಮುಟ್ಟಾದ ದಿನ ಏನು ಮಾಡಬೇಕು ಅಂತ ಇಷ್ಟೆಲ್ಲ ಚರ್ಚೆ ನಡೆಯುವಾಗ ಬದಿಗೆ ಸರಿದುಹೋದ ಪ್ರಶ್ನೆ ಇನ್ನೊಂದು. ಮುಟ್ಟೇ ಆಗದಿದ್ದರೆ?

ಮೈದಾನಗಳಲ್ಲಿ ಇದನ್ನು ಅನುಕೂಲ ಅಂತ ಎಣಿಸುವವರಿದ್ದಾರೆ. ಪ್ರಾಕ್ಟೀಸ್ ಜೋರಾಗಿದೆ, ಮೈ ಸಣ್ಣಗಾಗಿದೆ, ಮೂರು ತಿಂಗಳಿಂದ ರಗಳೆ ಇಲ್ಲ, ಒಳ್ಳೇದೇ ಆಯ್ತು ಅನ್ನೋ ಥರ. ಒಳ್ಳೇದಲ್ಲ. ಅದು ಮೈ ಕೊಡುವ ಎಚ್ಚರಿಕೆ.

ಇದರ ಕಾರ್ಯಕಾರಣ ಹೀಗೆ. ತಿಂದ ಊಟದಲ್ಲಿ ಒಂದು ಪಾಲು ಕಸರತ್ತಿಗೆ ಹೋಗುತ್ತದೆ. ಉಳಿದದ್ದರಲ್ಲಿ ಹೃದಯ, ಮಿದುಳು, ಮೂಳೆ, ಮುಟ್ಟು ಎಲ್ಲ ನಡೆಯಬೇಕು. ಉಳಿಕೆ ಸಾಲದಾದಾಗ ಮೈ ಮನೆ ಯಜಮಾನಿಯಂತೆ ಖರ್ಚು ಕಡಿಮೆ ಮಾಡುತ್ತದೆ. ಇವತ್ತು ಇಲ್ಲದಿದ್ದರೂ ನಡೆಯುವ ಖರ್ಚು ಯಾವುದು? ಸಂತಾನದ ಕೆಲಸ. ಮಿದುಳಿನಿಂದ ಅಂಡಾಶಯಕ್ಕೆ ಹೋಗುವ ಸಂಕೇತ ನಿಧಾನವಾಗುತ್ತದೆ, ಈಸ್ಟ್ರೋಜೆನ್ ಇಳಿಯುತ್ತದೆ, ಮುಟ್ಟು ತಪ್ಪುತ್ತದೆ. ಈಸ್ಟ್ರೋಜೆನ್ ಇಳಿದರೆ ಮೂಳೆ ತೆಳುವಾಗುತ್ತದೆ. ಬರಬರುತ್ತಾ ಕಾಲಿನ ಮೂಳೆಯಲ್ಲಿ ಕೂದಲೆಳೆಯ ಬಿರುಕು.

ಇದು ಹೊಸ ತಿಳಿವಳಿಕೆಯೇನಲ್ಲ. ಊಟದ ಕೊರತೆ, ನಿಂತ ಮುಟ್ಟು, ಸವೆದ ಮೂಳೆ ಒಟ್ಟೊಟ್ಟಿಗೆ ಬರುತ್ತವೆ ಅಂತ ಅಮೆರಿಕದ ಕ್ರೀಡಾ ವೈದ್ಯರು 1992ರಲ್ಲೇ ಗುರುತಿಸಿ ‘ಕ್ರೀಡಾಳು ಹೆಣ್ಣುಮಕ್ಕಳ ತ್ರಿವಳಿ’ ಅಂತ ಹೆಸರಿಟ್ಟರು. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದನ್ನು ಇನ್ನೂ ವಿಸ್ತರಿಸಿ ‘ರೆಡ್-ಎಸ್’ ಅಂದಿತು, ಅಂದರೆ ಕ್ರೀಡೆಯಲ್ಲಿ ಆಗುವ ಶಕ್ತಿಯ ಕೊರತೆ. ಇದರಲ್ಲಿ ಗಂಡುಹುಡುಗರೂ ಸೇರುತ್ತಾರೆ. ಅವರಿಗೆ ಮುಟ್ಟಿನಂಥ ಎಚ್ಚರಿಕೆಯ ಗಂಟೆ ಇಲ್ಲ ಅಷ್ಟೆ.

ಲೆಕ್ಕ ಹಾಕಿ ನೋಡೋಣ. 50 ಕೆ.ಜಿ. ತೂಕದ ಹುಡುಗಿ. ಅದರಲ್ಲಿ ಕೊಬ್ಬು 12 ಕೆ.ಜಿ. ಕಳೆದರೆ ಉಳಿಯೋದು 38. ಕಸರತ್ತಿನ ಖರ್ಚು ಹೋಗಿ, ಕೊಬ್ಬಿಲ್ಲದ ತೂಕದ ಪ್ರತಿ ಕೆ.ಜಿ.ಗೆ 45 ಕ್ಯಾಲರಿ ಉಳಿದರೆ ಮೈ ನೆಮ್ಮದಿಯಾಗಿರುತ್ತದೆ. 30ಕ್ಕಿಂತ ಕೆಳಗಿಳಿದರೆ ಹಾರ್ಮೋನು ಏರುಪೇರಾಗುವ ಅಪಾಯ ಹೆಚ್ಚು. ಇವಳಿಗೆ 38ನ್ನು 45ರಿಂದ ಗುಣಿಸಿದರೆ 1,710. ಬೆಳಿಗ್ಗೆ ಸಂಜೆ ಸೇರಿ ಪ್ರಾಕ್ಟೀಸಿಗೆ 500 ಖರ್ಚಾದರೆ ಒಟ್ಟು 2,210 ಕ್ಯಾಲರಿ ಊಟ ಬೇಕು. ಈಗ ಅವಳ ದಿನ ನೋಡಿ. ಬೆಳಿಗ್ಗೆ ಆರಕ್ಕೆ ಒಂದು ಲೋಟ ಕಾಫಿ ಕುಡಿದು ಓಟ. ಆಮೇಲೆ ಬಸ್ ತಪ್ಪುತ್ತೆ ಅಂತ ಎರಡು ಇಡ್ಲಿ. ಮಧ್ಯಾಹ್ನ ಡಬ್ಬಿಯಲ್ಲಿ ಚಿತ್ರಾನ್ನ. ರಾತ್ರಿ ದಪ್ಪ ಆಗ್ತೀನಿ ಅಂತ ಮುದ್ದೆ ಅರ್ಧ. 1,600 ದಾಟೋದೇ ಕಷ್ಟ. ಅದರಲ್ಲಿ 500 ಕಳೆದು 38ರಿಂದ ಭಾಗಿಸಿದರೆ ಕೆ.ಜಿ.ಗೆ 29 ಕ್ಯಾಲರಿ. ಅವಳು ಉಪವಾಸ ಬಿದ್ದಿಲ್ಲ. ಹೊರಗಿನಿಂದ ನೋಡಿದವರಿಗೆ ಎಲ್ಲ ಸರಿಯಾಗೇ ಕಾಣುತ್ತದೆ. 2003ರ ಒಂದು ಪ್ರಯೋಗದಲ್ಲಿ ಈ ಉಳಿಕೆಯನ್ನು 30ಕ್ಕಿಂತ ಕೆಳಗಿಳಿಸಿದಾಗ ಬರೀ ಐದು ದಿನದಲ್ಲಿ ಮಿದುಳಿನ ಸಂಕೇತದ ಲಯ ಕೆಟ್ಟಿತ್ತು.

ಹಾಗಾಗಿ ಅರ್ಧ ಮುದ್ದೆ ಬಿಡಿಸುವ ಸಲಹೆಗಿಂತ ಇಡೀ ಮುದ್ದೆ ತಿನ್ನಿಸುವ ಕೋಚ್ ಹೆಚ್ಚು ವೈಜ್ಞಾನಿಕ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಅದೂ ಮೂಳೆಗೇ ಬೇಕಾದದ್ದು.

ಇಲ್ಲೊಂದು ಮರೆಯಾದ ಅಪಾಯವೂ ಇದೆ. ಮುಟ್ಟು ನಿಂತಿತು ಅಂತ ಗರ್ಭನಿರೋಧಕ ಮಾತ್ರೆ ಕೊಟ್ಟು ‘ರೆಗ್ಯುಲರ್’ ಮಾಡೋದು ಸಾಮಾನ್ಯ. ಮಾತ್ರೆ ನಿಲ್ಲಿಸಿದ ವಾರ ಬರುವ ರಕ್ತ ಮೈಯ ಸ್ವಂತ ಚಕ್ರದ್ದಲ್ಲ, ಮಾತ್ರೆ ಬಿಟ್ಟಿದ್ದಕ್ಕೆ ಬಂದದ್ದು. ಗಂಟೆ ಬಾರಿಸುವುದು ನಿಂತಿದ್ದಕ್ಕೆ ಗಂಟೆಯ ಸದ್ದನ್ನು ರೆಕಾರ್ಡ್ ಹಾಕಿ ಕೇಳಿಸಿದಂತೆ. ಊಟದ ಕೊರತೆ ಹಾಗೇ ಉಳಿಯುತ್ತದೆ. ಹಬ್ಬಕ್ಕೆ, ಹಾಸನಾಂಬೆ ದರ್ಶನಕ್ಕೆ ಅಂತ ಮುಟ್ಟು ಮುಂದಕ್ಕೆ ಹಾಕುವ ಮಾತ್ರೆಯೂ ನಮ್ಮ ಮನೆಗಳಿಗೆ ಹೊಸದಲ್ಲ. ಸೆಲೆಕ್ಷನ್ ಟ್ರಯಲ್ಸ್‌ಗೂ ಅದನ್ನೇ ಮೆಡಿಕಲ್ ಶಾಪಿನಿಂದ ತಂದು ನುಂಗುವ ಮೊದಲು ಡಾಕ್ಟರನ್ನು ಕೇಳಬೇಕು. ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರಿಗೆ ಅದು ಆಗಿಬರಲ್ಲ.

ಕಾಫಿ ನಾಡಿನ ಕಬ್ಬಿಣದ ಕಥೆ

ಎರಡನೇ ದೊಡ್ಡ ವಿಷಯ ರಕ್ತ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 47.8 ಶೇಕಡಾ ಮಂದಿಗೆ ರಕ್ತಹೀನತೆ ಇತ್ತು. ದೇಶದ ಮಟ್ಟದಲ್ಲಿ ಅದು 57. ಅಂದರೆ ಸಾಲಾಗಿ ನಿಂತ ಹತ್ತು ಜನರಲ್ಲಿ ಹೆಚ್ಚುಕಮ್ಮಿ ಐದು ಜನ ಆಮ್ಲಜನಕ ಹೊರುವ ಗಾಡಿ ಕಡಿಮೆ ಇಟ್ಟುಕೊಂಡೇ ಓಡುತ್ತಿದ್ದಾರೆ. ಇವರಿಗೆ ‘ಈ ವಾರ ನೇರಳೆ ಬಣ್ಣ, ಅದಕ್ಕೇ ಸುಸ್ತು’ ಅಂತ ಆ್ಯಪ್ ಹೇಳಿದರೆ, ಅದು ತಪ್ಪು ಕಾರಣ ತೋರಿಸಿ ಸರಿ ಕಾರಣವನ್ನು ಮುಚ್ಚಿಹಾಕಿದಂತೆ.

ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್ ರಕ್ತ ಹೋಗುತ್ತದೆ. ಅದರ ಜೊತೆ 15ರಿಂದ 20 ಮಿಲಿಗ್ರಾಂ ಕಬ್ಬಿಣ. 80 ಮಿಲಿಲೀಟರ್ ದಾಟಿದರೆ ಅತಿಸ್ರಾವ. ಇದು ಹೋಗುವ ದಾರಿ. ಬರುವ ದಾರಿಯಲ್ಲೂ ಅಡ್ಡಿ ಇದೆ. ಜೋರು ಕಸರತ್ತಾದ ಮೂರರಿಂದ ಆರು ಗಂಟೆಯ ಹೊತ್ತಿಗೆ ಮೈಯಲ್ಲಿ ಹೆಪ್ಸಿಡಿನ್ ಅನ್ನೋ ಹಾರ್ಮೋನು ಏರುತ್ತದೆ. ಅದು ಕರುಳಿನಲ್ಲಿ ಕಬ್ಬಿಣ ಒಳಬರುವ ಬಾಗಿಲನ್ನು ಅರ್ಧ ಮುಚ್ಚುತ್ತದೆ.

ಇನ್ನೊಂದು ಅಡ್ಡಿ ಲೋಟದಲ್ಲಿದೆ. ಚಿಕ್ಕಮಗಳೂರಿನಲ್ಲಿ ಕೂತು ಇದನ್ನು ಹೇಳೋದು ಸ್ವಲ್ಪ ಮುಜುಗರವೇ. 1983ರ ಅಧ್ಯಯನವೊಂದರಲ್ಲಿ ಊಟದ ಜೊತೆ ಒಂದು ಕಪ್ ಕಾಫಿ ಕುಡಿದಾಗ ಕಬ್ಬಿಣ ಹೀರಿಕೊಳ್ಳುವುದು 39 ಶೇಕಡಾ ಇಳಿಯಿತು. ಟೀ ಕುಡಿದಾಗ 64. ಊಟಕ್ಕೆ ಒಂದು ಗಂಟೆ ಮೊದಲು ಕಾಫಿ ಕುಡಿದರೆ ಏನೂ ಆಗಲಿಲ್ಲ. ಊಟವಾಗಿ ಒಂದು ಗಂಟೆ ಬಿಟ್ಟು ಕುಡಿದರೆ ಜೊತೆಗೆ ಕುಡಿದಷ್ಟೇ ನಷ್ಟ. ತಿಂಡಿ ತಿಂದು ಕೈ ತೊಳೆದ ಕೂಡಲೇ ಕಾಫಿ ಹಿಡಿಯುವ ನಮ್ಮ ಅಭ್ಯಾಸಕ್ಕೆ ಇದು ನೇರವಾಗಿ ತಾಗುತ್ತದೆ. ಕಾಫಿ ಬಿಡಬೇಕಿಲ್ಲ, ಊಟಕ್ಕೆ ಒಂದು ಗಂಟೆ ಮೊದಲು ಕುಡಿದರೆ ಸಾಕು. ಹುರುಳಿ ಕಟ್ಟಿನ ಸಾರಿಗೆ ನಿಂಬೆಹಣ್ಣು ಹಿಂಡಿದರೆ ಕಾಳಿನ ಕಬ್ಬಿಣ ಇನ್ನಷ್ಟು ಒಳಗೆ ಇಳಿಯುತ್ತದೆ.

ಸುಸ್ತು ಅನ್ನುವ ಹುಡುಗಿಗೆ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸೋದು ಒಳ್ಳೇದು. ಹಿಮೋಗ್ಲೋಬಿನ್ 12ರ ಮೇಲಿದ್ದರೂ ಕಬ್ಬಿಣದ ದಾಸ್ತಾನು ಖಾಲಿಯಾಗಿರಬಹುದು. ಉಗ್ರಾಣ ಬರಿದಾದರೂ ಒಲೆ ಮೇಲಿನ ಪಾತ್ರೆ ಸ್ವಲ್ಪ ಹೊತ್ತು ತುಂಬಿಯೇ ಇರುತ್ತೆ.

ತೋಟದ ಕೆಲಸವೇ ಕಸರತ್ತು ಅಲ್ವಾ?

ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿವರೆಗೆ. ಸೊಂಟಕ್ಕೆ ಚೀಲ ಕಟ್ಟಿಕೊಂಡು ಇಳಿಜಾರಿನಲ್ಲಿ ನಿಂತು ಗಿಡ ಬಗ್ಗಿಸಿ ಹಣ್ಣು ಕೀಳೋದು, ಸಂಜೆ ಮೂಟೆ ತಂದು ರೈಟರ್ ಮುಂದೆ ತೂಕ ಹಾಕಿಸೋದು. ಇಷ್ಟು ಮಾಡಿದವಳಿಗೆ ಕಸರತ್ತಿನ ಮಾತು ಹೇಳಿದರೆ ಅವಳು ನಗಬಹುದು. ನ್ಯಾಯವೂ ಹೌದು. ದಮ್ಮು, ಕಾಲಿನ ಬಲ ಎರಡೂ ಅವಳಿಗಿವೆ. ಆದರೆ ದಣಿವಿಗೂ ತರಬೇತಿಗೂ ವ್ಯತ್ಯಾಸ ಇದೆ. ತರಬೇತಿಯಲ್ಲಿ ಭಾರ ಮೆಲ್ಲಗೆ ಏರುತ್ತದೆ, ನಡುವೆ ಬಿಡುವು ಇರುತ್ತದೆ, ಎರಡೂ ಬದಿ ಸಮನಾಗಿ ಕೆಲಸ ಮಾಡುತ್ತವೆ. ಕೊಯ್ಲಿನಲ್ಲಿ ಅದೇ ಸೊಂಟ, ಅದೇ ಭುಜ, ದಿನವಿಡೀ.

ವಯಸ್ಸು ಸೇರಿದಾಗ ಇದು ಇನ್ನೂ ಮುಖ್ಯ. ಭಾರತದ ಹೆಂಗಸರಿಗೆ ಸರಾಸರಿ 46-47ಕ್ಕೇ ಮುಟ್ಟು ನಿಲ್ಲುತ್ತದೆ. ಈಸ್ಟ್ರೋಜೆನ್ ಇಳಿದ ಮೊದಲ ಕೆಲ ವರ್ಷ ಮೂಳೆ ಬೇಗ ಬೇಗ ಸವೆಯುತ್ತದೆ. ವಾಕಿಂಗ್ ಹೃದಯಕ್ಕೆ ಒಳ್ಳೇದು, ಮೂಳೆಗೆ ಅಷ್ಟು ಸಾಲದು. ಮೂಳೆ ಗಟ್ಟಿಯಾಗಲು ಅದಕ್ಕೆ ಭಾರದ ಪೆಟ್ಟು ಬೀಳಬೇಕು. 2018ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ, ಮುಟ್ಟು ನಿಂತು ಮೂಳೆ ಸವೆದಿದ್ದ ಹೆಂಗಸರು ತರಬೇತುದಾರರ ಕಣ್ಣೆದುರೇ ವಾರಕ್ಕೆ ಎರಡು ಸಲ, ಅರ್ಧ ಗಂಟೆಯಂತೆ ನಿಜವಾಗಿಯೂ ಭಾರದ ತೂಕ ಎತ್ತಿದರು. ಎಂಟು ತಿಂಗಳಲ್ಲಿ ಸೊಂಟದ ಬೆನ್ನುಮೂಳೆಯ ಸಾಂದ್ರತೆ 2.9 ಶೇಕಡಾ ಏರಿತು. ಮನೆಯಲ್ಲಿ ಹಗುರ ಕಸರತ್ತು ಮಾಡಿದ ಗುಂಪಿನದು 1.2 ಶೇಕಡಾ ಇಳಿಯಿತು.

ಭಾರ ಎತ್ತಿದರೆ ಗಂಡಸಿನ ಥರ ಮೈ ಬರುತ್ತೆ ಅನ್ನೋ ಹೆದರಿಕೆಗೆ ಒಂದೇ ಸಾಲು ಸಾಕು: ಗಂಡಸರಲ್ಲಿ ಟೆಸ್ಟೊಸ್ಟೆರಾನ್ ಹೆಂಗಸರದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ.

ಮೊಣಕಾಲಿನ ವಿಷಯವೂ ಹೀಗೇ. ಕಬಡ್ಡಿ, ಫುಟ್‌ಬಾಲ್ ಥರದ ಆಟದಲ್ಲಿ ಮೊಣಕಾಲಿನ ಎಸಿಎಲ್ ಅನ್ನೋ ಕಟ್ಟು ಹರಿಯುವ ಅಪಾಯ ಹುಡುಗಿಯರಿಗೆ ಹುಡುಗರಿಗಿಂತ ಎರಡು ಪಟ್ಟಿಗೂ ಹೆಚ್ಚು. ಇದು ಈಸ್ಟ್ರೋಜೆನ್‌ನಿಂದಲೇ ಅಂತ ಕೆಲವರು ಚಕ್ರದತ್ತ ಬೆರಳು ತೋರಿಸುತ್ತಾರೆ. ಇರಬಹುದು, ಗಟ್ಟಿಯಾಗಿ ಹೇಳುವಷ್ಟು ಆಧಾರ ಇಲ್ಲ. ಗಟ್ಟಿಯಾಗಿ ಗೊತ್ತಿರೋದು ಇಷ್ಟು: ಜಿಗಿದು ಸರಿಯಾಗಿ ಇಳಿಯೋದು, ಒಂಟಿಕಾಲ ಸಮತೋಲ, ತೊಡೆಯ ಹಿಂಭಾಗದ ಬಲ, ಇವನ್ನು ವಾರ್ಮ್-ಅಪ್‌ನಲ್ಲಿ ಬಿಡದೆ ಮಾಡಿಸಿದ ತಂಡಗಳಲ್ಲಿ ಈ ಗಾಯ ಅರ್ಧಕ್ಕರ್ಧ ತಗ್ಗಿದೆ.

ರಜೆಯಿಂದ ಮುಂದೇನು

ರಜೆ ಆದೇಶ ಕಾರ್ಖಾನೆ, ಅಂಗಡಿ, ಬೀಡಿ, ಮೋಟಾರು ಸಾರಿಗೆ ಕೆಲಸದ ಜೊತೆ ಪ್ಲಾಂಟೇಶನ್ ಕಾಯ್ದೆಯಡಿ ಬರುವ ತೋಟಗಳನ್ನೂ ಒಳಗೊಂಡಿದೆ. ವಯಸ್ಸು 18ರಿಂದ 52. ವೈದ್ಯರ ಚೀಟಿ ಬೇಡ. ಹೋಟೆಲ್ ಮಾಲೀಕರ ಸಂಘ ಇದರ ವಿರುದ್ಧ ಹೈಕೋರ್ಟಿಗೆ ಹೋಯಿತು. ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳೋದೇ ಕಡಿಮೆಯಾಗುತ್ತೆ ಅನ್ನೋ ಆತಂಕ ಒಂದು ಕಡೆ. ನೋವಿನಲ್ಲಿ ಎಂಟು ಗಂಟೆ ಹೊಲಿಗೆ ಮಿಷಿನ್ ಮುಂದೆ ಕೂರೋದೇ ಸಮಾನತೆನಾ ಅನ್ನೋ ಪ್ರಶ್ನೆ ಇನ್ನೊಂದು ಕಡೆ. ಕೆ.ಜಿ. ಲೆಕ್ಕದಲ್ಲಿ ಕೂಲಿ ಪಡೆಯುವವಳಿಗೆ ಕೊಯ್ಲಿನ ಗಡಿಬಿಡಿಯಲ್ಲಿ ಒಂದು ದಿನದ ‘ಸಂಬಳ’ ಅಂದರೆ ಎಷ್ಟು ಅನ್ನೋದು ತೋಟದ ಲೈನ್ ಮನೆಗಳಲ್ಲಿ ಏಳುವ ಪ್ರಶ್ನೆ.

ಕ್ರೀಡೆಯ ಮಟ್ಟಿಗೆ ಒಂದು ವಿಷಯ ಬಿಡಿಸಿ ನೋಡಬೇಕು. ರಜೆ ಕೊಟ್ಟಿದ್ದು ನೋವಿಗೆ, ನಿನ್ನ ಕೈಲಾಗಲ್ಲ ಅಂತಲ್ಲ. ಬೇಕಾದವರು ತೆಗೆದುಕೊಳ್ಳಬಹುದು, ಬೇಡದವರು ಬಿಡಬಹುದು. ಇದನ್ನೇ ಮೈದಾನದಲ್ಲಿ ‘ಆ ದಿನ ಹುಡುಗಿಯರು ಕೂರಲಿ’ ಅಂತ ನಿಯಮ ಮಾಡಿದರೆ, ಹೊರಗೆ ಕೂರಿಸುವ ಹಳೇ ಪದ್ಧತಿಯೇ ಆ್ಯಪ್ ಹಾಕಿಕೊಂಡು ವಾಪಸ್ ಬಂದಂತಾಗುತ್ತದೆ.

ಅಕಾಡೆಮಿಗಳು ಹುಡುಗಿಯರ ಡೇಟ್ ಬರೆದಿಡುವ ಕಾಲ ದೂರ ಇಲ್ಲ. ಬರೆದಿಡೋದರಲ್ಲಿ ಉಪಯೋಗವೂ ಇದೆ. ಮೂರು ತಿಂಗಳು ಮುಟ್ಟು ಬಂದಿಲ್ಲ ಅಂತ ಗೊತ್ತಾದರೆ ಊಟ ಸರಿ ಮಾಡಬಹುದು, ಡಾಕ್ಟರ ಹತ್ತಿರ ಕಳಿಸಬಹುದು. ಆದರೆ ಆ ಪುಸ್ತಕ ಯಾರ ಕೈಯಲ್ಲಿರುತ್ತೆ? ತಂಡ ಆಯ್ಕೆ ಮಾಡುವವರ ಮೇಜಿನ ಮೇಲೆ ಅದು ಇದ್ದರೆ ಹುಡುಗಿ ಸುಳ್ಳು ಬರೆಯುತ್ತಾಳೆ. ಸುಳ್ಳು ಬರೆದ ಮೇಲೆ ಆ ಪುಸ್ತಕ ಯಾರಿಗೂ ಉಪಯೋಗ ಇಲ್ಲ. ಅದು ಅವಳ ಬಳಿಯೇ ಇರಲಿ, ಬೇಕಾದಾಗ ಅವಳೇ ತೋರಿಸಲಿ. ಡೇಟ್ ಜೊತೆ ನಿದ್ದೆ, ನೋವು, ಊಟ ಇಷ್ಟನ್ನು ಮೂರು ತಿಂಗಳು ಗೀಚಿಟ್ಟರೆ ಯಾವ ದಿನ ತನಗೆ ಭಾರ ಅಂತ ಅವಳಿಗೇ ಗೊತ್ತಾಗುತ್ತದೆ. ಕೆಲವರಿಗೆ ಯಾವ ದಿನವೂ ಅಲ್ಲ ಅಂತಲೂ ಗೊತ್ತಾಗುತ್ತದೆ.

ರಜೆ ಆದೇಶ 18 ತುಂಬಿದವರಿಗೆ. ತಾಲ್ಲೂಕು ಮಟ್ಟದ ಖೋ ಖೋ, ಓಟಕ್ಕೆ ಬರುವವರು ಹದಿಮೂರು, ಹದಿನಾಲ್ಕರ ಹುಡುಗಿಯರು. ಅವರ ಪ್ರಶ್ನೆಗಳೂ ಬೇರೆ. ಮೈದಾನದ ಪಕ್ಕ ನೀರಿರುವ, ಚಿಲಕ ಬೀಳುವ ಶೌಚಾಲಯ ಇದೆಯಾ? ಪ್ಯಾಡ್ ಬದಲಿಸೋಕೆ ಹೋಗ್ತೀನಿ ಅಂತ ಗಂಡು ಮೇಷ್ಟ್ರಿಗೆ ಹೇಳದೆ ಹೋಗಿ ಬರಬಹುದಾ? ಬಟ್ಟೆ ಯಾವ ಬಣ್ಣದ್ದು? ವಿಂಬಲ್ಡನ್‌ನವರು ಬಿಳಿ ಬಟ್ಟೆ ಅಂದರೆ ಬಿಳಿಯೇ ಅಂತ ಪಟ್ಟು ಹಿಡಿದವರು. 2023ರಿಂದ ಅವರೇ ಆಟಗಾರ್ತಿಯರಿಗೆ ಒಳಗೆ ಗಾಢ ಬಣ್ಣದ ಚಡ್ಡಿ ಹಾಕಲು ಬಿಟ್ಟರು. ನಮ್ಮ ಹಲವು ಶಾಲೆಗಳಲ್ಲಿ ಸಾಮೂಹಿಕ ಕವಾಯತಿಗೆ ಶನಿವಾರ ಬೆಳಿಗ್ಗೆ ಇನ್ನೂ ಬಿಳಿ ಯೂನಿಫಾರ್ಮೇ.